ಯಾರಿಂದ ಮುಚ್ಚಿಟ್ಟಳು?

ಪ್ರೀತಿಯ ತಮ್ಮಾ,

ನಿನ್ನ ಎರಡೂ ಕಥೆ ಓದಿದೆ. ಬ್ಯಾಡಗಿಯ ಕಥೆ ಮನಸ್ಸಿಗೆ ಹತ್ತಿತು. ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೂಲಿಯಲ್ಲಿ ಆ ತಾಯಿ ಸ್ವಲ್ಪ ಸ್ವಲ್ಪ ತೆಗೆದಿಡುತ್ತಾಳೆ. ಅದನ್ನು ನೀನು ‘ರಹಸ್ಯವಾಗಿ ಹಣ ಸಂಗ್ರಹಿಸಿದಳು’ ಅಂತ ಬರೆದಿದ್ದೀಯ. ಅಲ್ಲೇ ನನಗೆ ಕಲ್ಲು ಕಡಿದಂತಾಯಿತು.

ರಹಸ್ಯ ಬಂದದ್ದು ‘ರಹಸ್’ ಎಂಬ ಸಂಸ್ಕೃತ ಪದದಿಂದ. ಅಂದರೆ ಏಕಾಂತ, ಜನರಿಲ್ಲದ ಜಾಗ. ಆ ತಾಯಿಗೆ ಏಕಾಂತ ಎಲ್ಲಿದೆ? ಒಂದೇ ಪಡಸಾಲೆ, ಐದು ಮಂದಿ. ಎಲ್ಲರೂ ಇರುವಾಗಲೇ ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕುತ್ತಾಳೆ, ರೊಟ್ಟಿಗೆ ಹಿಟ್ಟು ತೆಗೆಯುವ ಹಾಗೆ. ಮಡಚಿದ ನೋಟು ತಳಕ್ಕೆ ಇಳಿಯುತ್ತದೆ. ಬಳೆವರೆಗೂ ಹಿಟ್ಟು ಮೆತ್ತಿದ ಕೈ ಮೇಲೆ ಬರುತ್ತದೆ. ಮಗಳು ನೋಡಿಬಿಟ್ಟಳು ಅನ್ನು. ‘ಹೊಟ್ಟ್ಯಾಗ ಇಟ್ಕೋ’ ಅಂತಾಳೆ ತಾಯಿ, ಅಷ್ಟೇ. ಇದು ಗುಟ್ಟು. ಗುಟ್ಟನ್ನು ಹಂಚಿಕೊಳ್ಳೋಕೆ ಇನ್ನೊಂದು ಜೀವ ಇರುತ್ತೆ. ಅದಕ್ಕೇ ಅದು ರಟ್ಟಾಗುವ ಭಯವೂ ಇರುತ್ತೆ, ಅಲ್ವಾ?

‘ಕದ್ದುಮುಚ್ಚಿ’ ಅಂತ ಮಾತ್ರ ತಿದ್ದಬೇಡ. ಆ ತಪ್ಪು ನಾನು ಮಾಡಿದ್ದೆ. ಗಂಡನಿಗೆ ಗೊತ್ತಾಗದ ಹಾಗೆ ಅಕ್ಷರ ಕಲಿತ ಹೆಂಗಸಿನ ಬಗ್ಗೆ ‘ಕದ್ದು ಓದಿದಳು’ ಅಂತ ಬರೆದೆ. ಗದಗಿನ ಓದುಗರೊಬ್ಬರು ಕೇಳಿದರು: ‘ಅಕಿ ಏನು ಕಳವು ಮಾಡಿದ್ಲರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಪರ ನಿಂತಿದ್ದೇನೆ ಅಂದುಕೊಂಡೇ ಅವಳನ್ನು ಕಳ್ಳಿ ಮಾಡಿದ್ದೆ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

‘ಗೋಪ್ಯವಾಗಿ’ ಅಂತಲೂ ಬೇಡ. ಗೋಪ್ಯದ ಬೇರಿನಲ್ಲಿ ಕಾಯುವ ಅರ್ಥವಿದೆ. ದನ ಕಾಯುವ ಗೋಪನಿಗೂ ಅದಕ್ಕೂ ನಂಟು. ಮಂತ್ರಿಗಳು ಪ್ರಮಾಣ ಮಾಡುವಾಗ ಅದು ಸರಿ. ಹಿಟ್ಟಿನ ಡಬ್ಬಿಗೆ ಜಾಸ್ತಿ ಆಯಿತು.

ಇನ್ನು 1942ರ ಕ್ವಿಟ್ ಇಂಡಿಯಾ ಚಳವಳಿಯ ಕಥೆ. ಹಾವೇರಿ ಸೀಮೆಯ ಹೋರಾಟಗಾರರನ್ನು ‘ಭೂಗತರಾದರು’ ಅಂದಿದ್ದೀಯ. ತಪ್ಪಲ್ಲ, ಆಗ ಅದು ದೇಶಕ್ಕಾಗಿ ಪೊಲೀಸರ ಕಣ್ಣು ತಪ್ಪಿಸಿ ಓಡಾಡಿದವರ ಪದ. ಈಗ ‘ಭೂಗತ’ ಅಂದಕೂಡಲೇ ಮುಂದಿನ ಪದ ‘ಪಾತಕಿ’ ಅಂತ ನಾಲಿಗೆಗೆ ಬರುತ್ತದೆ. ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡೇಟಿಗೆ ಬಲಿಯಾದರು. ಅಂಥವರ ಕಥೆಯಲ್ಲಿ ಆ ನೆರಳು ಬೇಡಪ್ಪಾ. ‘ಊರು ಅವರನ್ನು ಬಚ್ಚಿಟ್ಟಿತು, ಯಾರೂ ಬಾಯಿ ಬಿಡಲಿಲ್ಲ’ ಅಂತ ಬರೆ. ರಾತ್ರಿ ರೊಟ್ಟಿ ಕಟ್ಟಿಕೊಟ್ಟವರೂ ಆಗ ಕಥೆಯೊಳಗೆ ಬರುತ್ತಾರೆ.

ಬ್ಯಾಡಗಿಯದನ್ನು ಮೊದಲು ತಿದ್ದಿ ಕಳಿಸು. ಡಬ್ಬಿಯ ಮುಚ್ಚಳ ಹಾಕಿದ ಸದ್ದನ್ನೂ ಬರೆ. ಮಗಳು ತಿರುಗಿ ನೋಡಿದ್ದು ಆ ಸದ್ದಿಗೇ ಇರಬೇಕು.

ಧಾರವಾಡದಿಂದ,
ನಿನ್ನ ಅಕ್ಕ