ಇಪ್ಪತ್ತೊಂದು ಜನರ ಮೇಯರ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಮೇಯರ್ ಅಂದ ಕೂಡಲೇ ನಿನಗೆ ದಸರೆಯ ಕುದುರೆಯೇ ಕಣ್ಣಮುಂದೆ ಬರುತ್ತೆ ಅಂತ ಗೊತ್ತು. ಆ ಕುದುರೆಯನ್ನು ಸ್ವಲ್ಪ ಹೊತ್ತು ಲಾಯದಲ್ಲಿ ಕಟ್ಟು. ಶಿಕಾಗೋದ ಮೇಯರ್ ಆಗಿದ್ದ ಹೆರಾಲ್ಡ್ ವಾಷಿಂಗ್ಟನ್ ಬಗ್ಗೆ ಬರಿ ಅಂತ ಪೀಡಿಸಿದವನು ನೀನೇ. ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರೆದುರೇ ಹಾಕುತ್ತಿದ್ದೇನೆ. ನಿನ್ನ ಹಾಸ್ಟೆಲ್ ಹೆಸರು ಎಲ್ಲೂ ಬಳಸುವುದಿಲ್ಲ, ಹೆದರಬೇಡ.

ಶಿಕಾಗೋದ ಮೇಯರ್ ಅಂದರೆ ಮಹಾರಾಜ ಅನ್ನುವ ಕಲ್ಪನೆ ಹುಟ್ಟಿದ್ದು ರಿಚರ್ಡ್ ಜೆ. ಡೇಲಿಯಿಂದ. 1955ರಿಂದ 1976ರಲ್ಲಿ ಸಾಯುವವರೆಗೆ ಕುರ್ಚಿ ಬಿಡದ ಮನುಷ್ಯ. ಆದರೆ ಕಾನೂನು ಪುಸ್ತಕ ತೆಗೆದು ನೋಡಿದರೆ ಬಲ ಇರುವುದು ಕೌನ್ಸಿಲ್‌ಗೆ. 50 ವಾರ್ಡು, ವಾರ್ಡಿಗೊಬ್ಬ ಆಲ್ಡರ್‌ಮನ್. ನಮ್ಮಲ್ಲಿ ಕಾರ್ಪೊರೇಟರ್ ಅನ್ನುತ್ತೇವಲ್ಲ, ಅವನೇ. ಡೇಲಿ ಮೇಯರ್ ಆಗಿದ್ದಷ್ಟೂ ಕಾಲ ಜಿಲ್ಲೆಯ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷನೂ ಆಗಿದ್ದ. ಗುಟ್ಟು ಇರುವುದು ಅಲ್ಲೇ. ಪ್ರತಿ ವಾರ್ಡಿಗೂ ಪಕ್ಷದ ಒಬ್ಬ ಕಮಿಟಿಮನ್, ಅವನ ಕೈಕೆಳಗೆ ಪ್ರಿಸಿಂಕ್ಟ್ ಕ್ಯಾಪ್ಟನ್‌ಗಳು, ಅಂದರೆ ಕೆಲವು ನೂರು ಮತದಾರರಿಗೆ ಒಬ್ಬನಂತೆ. ಯಾರ ಮನೆ ಮುಂದಿನ ಮರ ಬಿದ್ದಿದೆ, ಯಾರ ಮಗನಿಗೆ ಕೆಲಸ ಇಲ್ಲ, ಎಲ್ಲ ಅವನಿಗೆ ಗೊತ್ತು. ಮತ ತಂದರೆ ನಗರಾಡಳಿತದಲ್ಲಿ ಅವನ ನೌಕರಿ ಉಳಿಯುತ್ತದೆ, ತರದಿದ್ದರೆ ಹೋಗುತ್ತದೆ. ನೌಕರಿ ಹಂಚುವವನ ಮಾತು ಆಲ್ಡರ್‌ಮನ್ ಮೀರುವುದಿಲ್ಲ. ಇದನ್ನೇ ಅಲ್ಲಿಯವರು ‘ಮಷೀನ್’ ಅಂತ ಕರೆದರು.

ವಾಷಿಂಗ್ಟನ್ ಈ ಮಷೀನಿನ ಹೊರಗಿನವನೇನಲ್ಲ, ಮಾರಾಯ. 1922ರಲ್ಲಿ ಹುಟ್ಟಿದ್ದು, ಅಪ್ಪ ವಕೀಲ, ಪಾದ್ರಿ, ಜೊತೆಗೆ 3ನೇ ವಾರ್ಡಿನ ಪ್ರಿಸಿಂಕ್ಟ್ ಕ್ಯಾಪ್ಟನ್. ಮಗ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಕಡೆ ಸೇವೆ ಮಾಡಿ ಬಂದು, ರೂಸ್‌ವೆಲ್ಟ್ ಕಾಲೇಜಿನಲ್ಲಿ ಓದಿ, 1952ರಲ್ಲಿ ನಾರ್ತ್‌ವೆಸ್ಟರ್ನ್‌ನಿಂದ ಕಾನೂನು ಪದವಿ ಪಡೆದ. ಅಪ್ಪ ತೀರಿಕೊಂಡ ಮೇಲೆ ಅವನ ಪ್ರಿಸಿಂಕ್ಟನ್ನೂ ನಗರದ ಕಾನೂನು ಇಲಾಖೆಯ ಕೆಲಸವನ್ನೂ ವಹಿಸಿಕೊಂಡ. ರಾಜಕೀಯದ ಗುರು 3ನೇ ವಾರ್ಡಿನ ಆಲ್ಡರ್‌ಮನ್ ರಾಲ್ಫ್ ಮೆಟ್‌ಕಾಫ್. 1936ರ ಬರ್ಲಿನ್ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಜೆಸ್ಸಿ ಓವೆನ್ಸ್ ಹಿಂದೆಯೇ ಗುರಿ ಮುಟ್ಟಿ ಬೆಳ್ಳಿ ಗೆದ್ದವನೇ ಈತ. ವಾಷಿಂಗ್ಟನ್ 1965ರಿಂದ ಇಲಿನಾಯ್ ರಾಜ್ಯದ ಶಾಸಕ, ಆಮೇಲೆ ಸೆನೆಟರ್, 1981ರಿಂದ ಅಮೆರಿಕದ ಕಾಂಗ್ರೆಸ್ ಸದಸ್ಯ. ನಡುವೆ ಒಂದೆರಡು ಎಡವಟ್ಟು: ಕಕ್ಷಿದಾರರಿಂದ ಫೀಸು ತೆಗೆದುಕೊಂಡು ಕೆಲಸ ಮಾಡಲಿಲ್ಲ ಅಂತ 1970ರಲ್ಲಿ ವಕೀಲಿ ಸನ್ನದು ಅಮಾನತಾಯಿತು, ನಾಲ್ಕು ವರ್ಷದ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲಿಲ್ಲ ಅಂತ 1972ರಲ್ಲಿ ಒಂದು ತಿಂಗಳಿಗೂ ಹೆಚ್ಚು ಜೈಲು. ಮೊತ್ತ ಸಣ್ಣದು. ಮುಂದೆ ಹೋಗೋಣ.

ಡೇಲಿ ಸತ್ತ ಮೇಲೆ ಮಷೀನು ಕೀರಲು ಶುರುವಾಯಿತು. 1979ರ ಜನವರಿಯಲ್ಲಿ ಬಿದ್ದ ಹಿಮವನ್ನು ಎತ್ತಿಸಲಾಗದೆ, ಕಪ್ಪು ಜನರ ಬಡಾವಣೆಗಳ ನಿಲ್ದಾಣಗಳಲ್ಲಿ ರೈಲು ನಿಲ್ಲಿಸದೆ, ಮೇಯರ್ ಬಿಲ್ಯಾಂಡಿಕ್ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲೇ, ಸೋತ. ಜೇನ್ ಬರ್ನ್ ಗೆದ್ದಳು. 1983ಕ್ಕೆ ನಿಲ್ಲು ಅಂತ ಜನ ಬೆನ್ನು ಹತ್ತಿದಾಗ ವಾಷಿಂಗ್ಟನ್ ಹಾಕಿದ ಷರತ್ತು ನೋಡು: ಮೊದಲು 50,000 ಹೊಸ ಮತದಾರರನ್ನು ಪಟ್ಟಿಗೆ ಸೇರಿಸಿ ಬನ್ನಿ, ಆಮೇಲೆ ಮಾತು. ಅವರು ಲಕ್ಷಕ್ಕೂ ಮೀರಿ ಸೇರಿಸಿದರು. 1977ರಲ್ಲಿ ಒಮ್ಮೆ ನಿಂತು ಶೇ. 11ರ ಆಸುಪಾಸು ಪಡೆದಿದ್ದವನಿಗೆ ಲೆಕ್ಕ ಚೆನ್ನಾಗಿ ತಿಳಿದಿತ್ತು. ಫೆಬ್ರವರಿಯ ಪ್ರೈಮರಿಯಲ್ಲಿ ಬರ್ನ್ ಮತ್ತು ಡೇಲಿಯ ಮಗ ಬಿಳಿಯರ ಮತ ಹಂಚಿಕೊಂಡರು. ವಾಷಿಂಗ್ಟನ್‌ಗೆ ಶೇ. 36, ಬರ್ನ್‌ಗೆ 34, ಕಿರಿ ಡೇಲಿಗೆ 30. ಸಾಮಾನ್ಯವಾಗಿ ಅಲ್ಲಿಗೆ ಕತೆ ಮುಗಿಯಬೇಕು. ಆಗೆಲ್ಲ ಶಿಕಾಗೋದಲ್ಲಿ ಡೆಮಾಕ್ರಟಿಕ್ ಟಿಕೆಟ್ ಸಿಕ್ಕವನೇ ಮೇಯರ್ ಆಗುತ್ತಿದ್ದ. ಈ ಸಲ ಪಕ್ಷದ ಎಷ್ಟೋ ವಾರ್ಡ್ ನಾಯಕರು ರಿಪಬ್ಲಿಕನ್ ಬರ್ನಾರ್ಡ್ ಎಪ್ಟನ್ ಕಡೆ ತಿರುಗಿದರು. ‘ತಡವಾಗುವ ಮುನ್ನ ಎಪ್ಟನ್’ ಅನ್ನುವುದು ಅವನ ಘೋಷಣೆ. ಯಾವುದಕ್ಕೆ ತಡ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಗೆ ಸುಮಾರು 13 ಲಕ್ಷ ಮತಗಳಲ್ಲಿ 48,000ದ ಅಂತರದಿಂದ ವಾಷಿಂಗ್ಟನ್ ಗೆದ್ದ, ನಗರದ ಮೊದಲ ಕಪ್ಪು ಮೇಯರ್.

ಈಗ ನಿನಗೆ ಇಷ್ಟವಾಗುವ ಭಾಗ. 50ರಲ್ಲಿ 29 ಆಲ್ಡರ್‌ಮನ್‌ಗಳು ಮಷೀನಿನ ಮುಖಂಡ, ಆಲ್ಡರ್‌ಮನ್ ಎಡ್ ವರ್ಡೋಲಿಯಾಕ್ ಹಿಂದೆ, 21 ಮಂದಿ ಮೇಯರ್ ಹಿಂದೆ. (29 ಅಂದಾಗ ನಗಬೇಡ, ಆ ಲಾಡ್ಜ್ ವಿಷಯ ಇಲ್ಲಿ ಬೇಡ.) 1983ರ ಮೇ 2ರಂದು ವಾಷಿಂಗ್ಟನ್ ಧ್ವನಿಮತ ತೆಗೆದುಕೊಂಡು, ಸಭೆ ಮುಂದೂಡಿದೆ ಅಂತ ಸುತ್ತಿಗೆ ಬಡಿದು ಹೊರನಡೆದ. ತಪ್ಪಿದ್ದು ಇಲ್ಲಿ: ಕೋರಂಗೆ, ಅಂದರೆ ಸಭೆ ನಡೆಸಲು ಕನಿಷ್ಠ ಬೇಕಾದದ್ದು 26 ಜನ, ಸಭಾಂಗಣದಲ್ಲಿ ಉಳಿದವರು 29. ವರ್ಡೋಲಿಯಾಕ್ ಸುತ್ತಿಗೆ ಎತ್ತಿಕೊಂಡ, ಸ್ಥಾಯಿ ಸಮಿತಿಗಳ ಅಧ್ಯಕ್ಷಗಿರಿಯನ್ನೆಲ್ಲ ತನ್ನವರಿಗೆ ಹಂಚಿದ. ಹಣಕಾಸು ಸಮಿತಿ ಅವನ ಜೊತೆಗಾರ ಎಡ್ ಬರ್ಕ್‌ಗೆ ಹೋಯಿತು. ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಆದರೆ 29ಕ್ಕೂ ಒಂದು ಮಿತಿ ಇತ್ತು. ಮೇಯರ್ ವೀಟೋ ಹಾಕಿದರೆ ಮುರಿಯಲು ಮೂರನೇ ಎರಡು, ಅಂದರೆ 34 ಬೇಕು. ಐದು ಕಡಿಮೆ. ವೀಟೋ ಉಳಿಸಿಕೊಳ್ಳಲು ಮೇಯರ್‌ಗೆ 17 ಸಾಕು, ಕೈಯಲ್ಲಿ 21. ಹಾಗಾಗಿ ಅವರು ಪಾಸು ಮಾಡುವುದು, ಈತ ತಡೆಯುವುದು. ಈತ ಮಂಡಳಿಗಳಿಗೆ ಹೆಸರು ಕಳಿಸುವುದು, ಅವರು ಸಮಿತಿಯಲ್ಲಿ ಕೂಡಿಹಾಕುವುದು. ಇಬ್ಬರೇ ಆಲ್ಡರ್‌ಮನ್‌ಗಳು ಕೈ ಎತ್ತಿದರೂ ಸಮಿತಿಯ ವರದಿ ಮುಂದಿನ ಸಭೆಗೆ ಹೋಗುತ್ತದೆ ಅನ್ನುವ ನಿಯಮವೊಂದಿದೆ. ಅದು ಅಲ್ಪಸಂಖ್ಯಾತರ ಕೈಯಲ್ಲಿದ್ದ ಅಗ್ಗದ ಆಯುಧ. ಇದು ಮೂರು ವರ್ಷ ನಡೆಯಿತು. ಪತ್ರಿಕೆಗಳು ‘ಕೌನ್ಸಿಲ್ ವಾರ್ಸ್’ ಅಂದವು.

ಗಂಟು ಬಿಚ್ಚಿದ್ದು ಭಾಷಣವಲ್ಲ, ನಕ್ಷೆ. 1980ರ ಜನಗಣತಿಯ ನಂತರ ಬರ್ನ್ ಕಾಲದಲ್ಲಿ ಎಳೆದ ವಾರ್ಡ್ ಗಡಿಗಳು ಕಪ್ಪು ಮತ್ತು ಲ್ಯಾಟಿನೋ ಮತದಾರರಿಗೆ ಅನ್ಯಾಯ ಮಾಡುತ್ತವೆ ಅಂತ ಫೆಡರಲ್ ಕೋರ್ಟಿನಲ್ಲಿ ತೀರ್ಪಾಗಿ, 1986ರ ಮಾರ್ಚ್‌ನಲ್ಲಿ ಏಳು ವಾರ್ಡುಗಳಿಗೆ ಮರುಚುನಾವಣೆ ಬಂತು. ಏಪ್ರಿಲ್‌ನ ಮರುಸುತ್ತಿನಲ್ಲಿ 26ನೇ ವಾರ್ಡಿನಿಂದ ಮೇಯರ್ ಕಡೆಯ ಲೂಯಿಸ್ ಗುಟಿಯೆರೆಸ್ ಗೆದ್ದಾಗ ಲೆಕ್ಕ 25-25. ಸಮಬಲವಾದರೆ ನಿರ್ಣಾಯಕ ಮತ ಮೇಯರ್‌ನದು. ಸಮಿತಿಗಳಲ್ಲಿ ಕೊಳೆಯುತ್ತಿದ್ದ ನೇಮಕಗಳು ಆಮೇಲೆ ಒಂದೊಂದಾಗಿ ಹೊರಬಂದವು.

ಆತ ಮಾಡಿದ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಮೈಕೆಲ್ ಶಾಕ್‌ಮನ್ ಎಂಬ ವಕೀಲ 1969ರಲ್ಲಿ ಹೂಡಿದ್ದ ದಾವೆಯಲ್ಲಿ, ರಾಜಕೀಯ ನೋಡಿ ನೌಕರಿ ಕೊಡುವುದಿಲ್ಲ ಅನ್ನುವ ಒಪ್ಪಂದಕ್ಕೆ 1983ರಲ್ಲಿ ವಾಷಿಂಗ್ಟನ್ ಸಹಿ ಹಾಕಿದ. ಈಗ ನಮ್ಮ ಸರದಿ ಅಂತ ಕಾದು ಕೂತಿದ್ದ ಸ್ವಂತ ಬೆಂಬಲಿಗರು ಗೊಣಗಿದರು. ಗೊಣಗದೆ ಇರುತ್ತಾರಾ?

1987ರಲ್ಲಿ ಮತ್ತೆ ಗೆದ್ದ. ಅದೇ ವರ್ಷ ನವೆಂಬರ್ 25ರಂದು, ತನ್ನ ಮೇಜಿನ ಮುಂದೆ ಪತ್ರಿಕಾ ಕಾರ್ಯದರ್ಶಿಯ ಜೊತೆ ಮಾತನಾಡುತ್ತಿದ್ದಾಗಲೇ ಹೃದಯ ನಿಂತು ಹೋದ. 65 ವರ್ಷ, ಭಾರೀ ದೇಹ. ಒಂದು ವಾರದೊಳಗೆ ಕೌನ್ಸಿಲ್ ಹೊಸ ಮೇಯರ್ ಆರಿಸಬೇಕಾಯಿತು. ಹೊರಗೆ ಸಾವಿರಾರು ಜನ ಕೂಗುತ್ತಿರುವಾಗ, ಡಿಸೆಂಬರ್ 2ರ ನಸುಕಿನ ನಾಲ್ಕು ಗಂಟೆ ಸುಮಾರಿಗೆ, ವಾಷಿಂಗ್ಟನ್‌ನ ಹಳೇ ವಿರೋಧಿಗಳ ಬೆಂಬಲದಿಂದ ಆಲ್ಡರ್‌ಮನ್ ಯೂಜೀನ್ ಸಾಯರ್ ಗೆದ್ದ. ಮತ ಎಷ್ಟು ಗೊತ್ತೇನೋ? 29ಕ್ಕೆ 19. 1989ರಲ್ಲಿ ಕಿರಿ ಡೇಲಿ ಬಂದ, 2011ರವರೆಗೆ ಹೋಗಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೂರನೇ ಪ್ಯಾರಾ ತಿರುಗಿ ಓದಿದೆ. ‘ಒಂದೆರಡು ಎಡವಟ್ಟು’, ‘ಮೊತ್ತ ಸಣ್ಣದು’, ‘ಮುಂದೆ ಹೋಗೋಣ’. ಯಾರಪ್ಪಾ ಇದನ್ನು ಬರೆದವನು! ಫೀಸು ಕೊಟ್ಟು ಕೆಲಸವಾಗದೆ ಕೂತ ಕಕ್ಷಿದಾರನಿಗೆ ಆ ಮೊತ್ತ ಸಣ್ಣದಾಗಿತ್ತಾ? ರಿಟರ್ನ್ ಸಲ್ಲಿಸದೆ ಜೈಲಿಗೆ ಹೋದವನು ನಮ್ಮೂರಿನ ಕಾರ್ಪೊರೇಟರ್ ಆಗಿದ್ದರೆ, ಅದರಲ್ಲೂ ನೀನೂ ನಾನೂ ಬೈಯುವ ಆ ಪಕ್ಷದವನಾಗಿದ್ದರೆ, ನಾನು ಮೊತ್ತ ಕೇಳುತ್ತಿರಲಿಲ್ಲ. ಐದು ಗುಂಪಿಗೆ ಕಳಿಸುತ್ತಿದ್ದೆ. ಎಪ್ಟನ್ ಕಡೆಯವರು ಜಾಹೀರಾತಿನಲ್ಲಿ ಎತ್ತಿ ತೋರಿಸಿದ್ದು ಈ ದಾಖಲೆಯನ್ನೇ. ದಾಖಲೆ ಸುಳ್ಳಲ್ಲ, ಅದರ ಹಿಂದಿನ ಉದ್ದೇಶ ಹೊಲಸು. ಉದ್ದೇಶ ಹೊಲಸು ಅಂತ ನಿಜವನ್ನೂ ಸೇರಿಸಿ ತಳ್ಳಿಬಿಡುವುದು ನನಗೆ ಎಷ್ಟು ಸಲೀಸಾಗಿದೆ ನೋಡು. ಭ್ರಷ್ಟಾಚಾರದ ಮೇಲೆ ನನಗಿರುವ ಸಿಟ್ಟು ಭ್ರಷ್ಟಾಚಾರದ ಮೇಲಿನದ್ದೋ, ಅಥವಾ ಆಗದವರ ಮೇಲಿನದ್ದೋ ಅಂತ ಈಗ ಅನುಮಾನ. ಇಷ್ಟು ವರ್ಷ ನಿನ್ನನ್ನು ‘ಪಕ್ಷಪಾತಿ’ ಅಂತ ಹೀಯಾಳಿಸಿದ್ದು ನಾನೇ ಅನ್ನುವುದು ಬೇರೆ. ಆ ಪ್ಯಾರಾವನ್ನು ತಿದ್ದಬಹುದಿತ್ತು, ತಿದ್ದಿಲ್ಲ.

ಸರಿ, ಸಾಕು. ಓದುತ್ತಿರುವ ಮಹನೀಯರೇ, ಮೇಲಿನದನ್ನು ಸ್ಕ್ರೀನ್‌ಶಾಟ್ ತೆಗೆಯಬೇಡಿ. ಗೆಳೆಯಾ, ನೀನು ಕೆಳಗೆ ಬಂದು ‘ಶ್ರೀಗಳಿಗೆ ಜ್ಞಾನೋದಯವಾಯಿತು’ ಅಂತ ಬರೆಯುತ್ತೀಯ, ಬರಿ. ಅದಕ್ಕೆ ಮೊದಲು ಹೋದ ವರ್ಷದ ನಿನ್ನ ರಿಟರ್ನ್ ಸಲ್ಲಿಸಿದ್ದೀಯಾ ಹೇಳು.

ನಿನ್ನ,
ಕೋರಂ ಇಲ್ಲದ ಅಧ್ಯಕ್ಷ