‘ಸುಮ್ನೆ ಕೂರಿಸಿದ್ವಿ’ ಅಂದರೆ ಏನು? ಗೃಹ ಸಚಿವರಿಗೆ ಆಲೆಮನೆಯವನ ಪತ್ರ

ಮಾನ್ಯ ಗೃಹ ಸಚಿವರೇ, ನಮಸ್ಕಾರ.

ನಾನು ಮಂಡ್ಯ ಜಿಲ್ಲೆಯಲ್ಲಿ ಆಲೆಮನೆ ನಡೆಸುತ್ತೇನೆ. ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ಆಳುಗಳು ಬರುತ್ತಾರೆ. ಗದ್ದೆ ಪಕ್ಕ ಟೆಂಟ್ ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಅವರಲ್ಲಿ ಒಬ್ಬ ಹುಡುಗನಿಗೆ ಈ ಸಲ ಆದದ್ದನ್ನು ನಿಮಗೆ ಹೇಳಲೇಬೇಕು.

ಅವನ ಮಗುವಿಗೆ ಜ್ವರ ಬಂದಿತ್ತು. ರಾತ್ರಿ ಹತ್ತು ದಾಟಿತ್ತು. ಮಾತ್ರೆ ತರಲು ಪೇಟೆಗೆ ನಡೆದೇ ಹೋದ. ವಾಪಸ್ ಬರುವಾಗ ಪೊಲೀಸ್ ಜೀಪ್ ಪಕ್ಕಕ್ಕೆ ಬಂದು ನಿಂತಿತು. ಆಧಾರ್ ತೆಗಿ ಅಂದರು. ಕಾರ್ಡ್ ಟೆಂಟಿನಲ್ಲಿತ್ತು. ಫೋನ್ ಕಿತ್ತುಕೊಂಡು ಫೋಟೊ, ವಾಟ್ಸಾಪ್ ಎಲ್ಲ ನೋಡಿದರು. ಆಮೇಲೆ ಠಾಣೆಗೆ ಕರೆದೊಯ್ದು ಬೆಳಗಿನವರೆಗೂ ಬೆಂಚಿನ ಮೇಲೆ ಕೂರಿಸಿದರು. ಮಗುವಿನ ಮಾತ್ರೆ ಅವನ ಜೇಬಿನಲ್ಲೇ ಇತ್ತು.

ಬೆಳಿಗ್ಗೆ ನಾನು ಹೋಗಿ ಕೇಳಿದೆ. “ಅರೆಸ್ಟ್ ಏನೂ ಮಾಡಿಲ್ಲ ಯಜಮಾನ್ರೇ, ಸುಮ್ನೆ ಕೂರಿಸಿದ್ವಿ” ಅಂದರು.

ಆ ‘ಸುಮ್ನೆ’ ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ನನ್ನ ಮಗಳು ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾಳೆ. ಅವಳನ್ನು ಕೂರಿಸಿಕೊಂಡು ಎರಡು ರಾತ್ರಿ ಇದನ್ನೇ ಕೇಳಿ ತಿಳಿದುಕೊಂಡೆ. ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿಸಿದವನಿಗೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬಂಧಿಸುವ ಪೊಲೀಸರ ಹೆಸರಿನ ಪಟ್ಟಿ ಸ್ಪಷ್ಟವಾಗಿ ಕಾಣಬೇಕು, ಬಂಧನದ ಮೆಮೊ ಅಂದರೆ ಲಿಖಿತ ದಾಖಲೆ ಬರೆಯಬೇಕು, ಮನೆಯವರಿಗೆ ತಿಳಿಸಬೇಕು ಅಂದಿತು.

ಪೊಲೀಸರ ಲೆಕ್ಕದಲ್ಲಿ ಇದೆಲ್ಲ ‘ಬಂಧನ’ ಅಂತ ಬರೆದರೆ ಮಾತ್ರ ಶುರುವಾಗುತ್ತದೆ. ‘ಸುಮ್ನೆ’ ಅಂದುಬಿಟ್ಟರೆ ಕಾರಣವಿಲ್ಲ, ಮೆಮೊ ಇಲ್ಲ, ಗಂಟೆಯ ಲೆಕ್ಕವೂ ಇಲ್ಲ. ಆದರೆ ಆ ಹುಡುಗ ಎದ್ದು ಹೋಗಬಹುದಿತ್ತಾ? ಇಲ್ಲ. ಹೋಗಲು ಬಿಡದಿದ್ದ ಮೇಲೆ ಅವನ ಸ್ವಾತಂತ್ರ್ಯ ಹೋಯಿತು ಅಲ್ವಾ? 21ನೇ ವಿಧಿಯಲ್ಲಿ ‘ಅರೆಸ್ಟ್’ ಅನ್ನುವ ಪದವೇ ಇಲ್ಲ. ಕಾನೂನು ಹೇಳಿದ ದಾರಿಯಲ್ಲಿ ಹೊರತು ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ ಅಂತಷ್ಟೇ ಇದೆ.

ಇನ್ನು ಕಾರ್ಡಿನ ವಿಷಯ. ಗಾಡಿ ಓಡಿಸುವವನು ಸಮವಸ್ತ್ರದ ಪೊಲೀಸ್ ಕೇಳಿದರೆ ಲೈಸೆನ್ಸ್ ತೋರಿಸಬೇಕು, ಫೋನಿನ ಡಿಜಿಲಾಕರ್‌ನಲ್ಲಿ ಇದ್ದರೂ ಸಾಕು. ಅದು ಸರಿ. ಆದರೆ ಈ ದೇಶದ ಪ್ರಜೆ ರಸ್ತೆಯಲ್ಲಿ ನಡೆಯುವಾಗ ಆಧಾರ್ ಇಟ್ಟುಕೊಂಡೇ ಇರಬೇಕು ಅನ್ನುವ ಕಾನೂನು ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು) 39ನೇ ಕಲಮನ್ನು ಮಗಳು ಓದಿ ಹೇಳಿದಳು. ವಾರಂಟ್ ಇಲ್ಲದೆ ಬಂಧಿಸಲಾಗದಂಥ ಸಣ್ಣ ಅಪರಾಧವನ್ನು ಪೊಲೀಸರ ಎದುರೇ ಮಾಡಿದವನು, ಅಥವಾ ಅಂಥ ಆರೋಪ ಇರುವವನು, ಹೆಸರು ವಿಳಾಸ ಹೇಳದಿದ್ದರೆ ಅಥವಾ ಸುಳ್ಳು ಹೇಳಿದನೆಂದು ನಂಬಲು ಕಾರಣವಿದ್ದರೆ ಹಿಡಿಯಬಹುದು. ಅಲ್ಲೂ ಕೇಳುವುದು ಹೆಸರು, ವಿಳಾಸ. ಕಾರ್ಡ್ ಅಲ್ಲ. ನಮ್ಮ ಹುಡುಗ ಯಾವ ತಪ್ಪನ್ನೂ ಮಾಡಿರಲಿಲ್ಲ. ಹೆಸರು, ಊರು, ನನ್ನ ಆಲೆಮನೆ ಎಲ್ಲಿದೆ ಅನ್ನುವುದನ್ನೂ ಹೇಳಿದ್ದ.

ಫೋನ್ ನೋಡಿದ್ದು ನನಗೆ ಇನ್ನೂ ಜಾಸ್ತಿ ನೋವು ಕೊಟ್ಟಿತು. ಅದರಲ್ಲಿ ಅವನ ಹೆಂಡತಿ ಮಗುವಿನ ಫೋಟೊಗಳಿದ್ದವು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಕರ್ನಾಟಕದವರು ಹೋರಾಡಿ ಗೆದ್ದ ಆ ಹಕ್ಕು ಕರ್ನಾಟಕದ ರಸ್ತೆಯಲ್ಲಿ ಸಿಗಬೇಡವೇ?

ರಾತ್ರಿ ಗಸ್ತು ಬೇಡ ಅನ್ನುತ್ತಿಲ್ಲ. ನಮ್ಮ ಕಡೆ ಪಂಪ್‌ಸೆಟ್ ಕೇಬಲ್ ಕಳ್ಳತನ ಆಗುತ್ತದೆ, ಪೊಲೀಸರು ಬೇಕು. ಅನುಮಾನ ಬಂದರೆ ನಿಲ್ಲಿಸಿ ಕೇಳಲಿ. ಆದರೆ ಅನುಮಾನ ಯಾಕೆ ಬಂತು ಅಂತ ಒಂದು ಸಾಲು ಬರೆಯಲಿ. ಬಡವ, ಹೊರ ಊರಿನವ ಅನ್ನುವುದು ಕಾರಣ ಅಲ್ಲ.

ನೀವು ಒಂದು ಆದೇಶ ಹೊರಡಿಸಿ. ಠಾಣೆಗೆ ಕರೆತಂದ ಪ್ರತಿಯೊಬ್ಬರ ಹೆಸರು, ಕರೆತಂದ ಹೊತ್ತು, ಕಾರಣ, ಬಿಟ್ಟ ಹೊತ್ತು ಪುಸ್ತಕದಲ್ಲಿ ಬರೆಯಬೇಕು, ಅದರ ಚೀಟಿ ಅವನ ಕೈಗೂ ಕೊಡಬೇಕು. ಕಾನೂನಿನ ಅಧಿಕಾರ ಇಲ್ಲದೆ ಫೋನ್ ಮುಟ್ಟಬಾರದು. ಆದೇಶವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಠಾಣೆಯ ಗೋಡೆಗೆ ಅಂಟಿಸಿ.

ಆ ಹುಡುಗನಿಗೆ ಓದಲು ಬರುವುದಿಲ್ಲ. ಮುಂದಿನ ಕಟಾವಿಗೆ ಬಂದರೆ ನಾನೇ ಕರೆದುಕೊಂಡು ಹೋಗಿ ಓದಿ ಹೇಳುತ್ತೇನೆ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಆಲೆಮನೆಯವನು