ಕೇಳಲು ಸಂಕೋಚಪಡಬೇಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು, ತಂತ್ರಾಂಶಗಳಿಗೆ ಕೈಪಿಡಿ ಬರೆಯುವ ತಾಂತ್ರಿಕ ಬರಹದಲ್ಲಿ ಸ್ವತಂತ್ರವಾಗಿ ತೊಡಗುತ್ತೇನೆ ಎಂದಿದ್ದೀಯೆ. ಕೊನೆಯಲ್ಲಿ, ‘ನನ್ನ ಭಾಷೆ ಅಷ್ಟು ಚೆನ್ನಾಗಿದೆಯೇ?’ ಎಂದು ಕೇಳಿದ್ದೀಯೆ. ಚೆನ್ನಾಗಿದೆ, ಆ ಅಳುಕು ಬಿಡು. ಈ ದುಡಿಮೆಯಲ್ಲಿ ಹನ್ನೊಂದು ವರ್ಷ ಕಳೆದಿದ್ದೇನೆ. ಭಾಷೆ ಸಾಲದೆ ಸೋತವರನ್ನು ನಾನು ಕಂಡದ್ದು ಕಡಿಮೆ. ಕೇಳಲು ಸಂಕೋಚಪಟ್ಟು ಸೋತವರನ್ನೇ ಹೆಚ್ಚು ಕಂಡಿದ್ದೇನೆ. ನಿನ್ನ ಸ್ವಭಾವ ಬಲ್ಲೆನಾದ್ದರಿಂದ ನನಗೆ ಹೆದರಿಕೆಯಿರುವುದೂ ಅಲ್ಲಿಯೇ.

ಮೊದಲು ಎಂಜಿನಿಯರುಗಳನ್ನು ಕೇಳುವ ಮಾತು. ಆರಂಭದ ದಿನಗಳಲ್ಲಿ, ಕಳೆದುಹೋದ ಕಡತಗಳನ್ನು ಮರಳಿ ಪಡೆಯುವ ಒಂದು ತಂತ್ರಾಂಶಕ್ಕೆ ಕೈಪಿಡಿ ಬರೆಯುತ್ತಿದ್ದೆ. ‘ಒಂದೇ ಆದೇಶ, ಮುಗಿಯಿತು’ ಎಂದು ಅದನ್ನು ರೂಪಿಸಿದವರು ಹೇಳಿದರು. ನಾನು ಹಾಗೆಯೇ ಬರೆದೆ. ರಾತ್ರಿ ಯಾಕೋ ಸಮಾಧಾನವಾಗದೆ, ಏನೂ ಇಲ್ಲದ ಹೊಸ ಗಣಕದಲ್ಲಿ ಮೊದಲಿನಿಂದ ಮಾಡಿ ನೋಡಿದೆ. ಮೂರನೆಯ ಹೆಜ್ಜೆಯಲ್ಲೇ ನಿಂತುಬಿಟ್ಟಿತು. ಅವರ ಗಣಕದಲ್ಲಿ ಎಂದೋ ಸೇರಿಸಿಟ್ಟಿದ್ದ, ತಂತ್ರಾಂಶ ಹೇಗೆ ನಡೆಯಬೇಕೆಂದು ಹೇಳುವ ಒಂದು ಸಂರಚನಾ ಕಡತ ಬೇರೆಯವರ ಬಳಿ ಇರಲು ಸಾಧ್ಯವೇ ಇರಲಿಲ್ಲ. ಅದನ್ನು ಅವರೇ ಮರೆತಿದ್ದರು. ಆ ಕೈಪಿಡಿಯನ್ನು ತೆರೆಯುವವನು ಯಾರು ಹೇಳು? ಕಡತಗಳನ್ನು ಕಳೆದುಕೊಂಡು ಕೈಕಾಲು ನಡುಗುತ್ತಿರುವವನು. ಅವನಿಗೆ ನಾನು ಸುಳ್ಳು ಹೇಳುವುದರಲ್ಲಿದ್ದೆ. ಅಂದಿನಿಂದ ನನ್ನ ಕೈಯಾರೆ ಮಾಡಿ ನೋಡದ ಒಂದು ಹೆಜ್ಜೆಯನ್ನೂ ಬರೆದಿಲ್ಲ. ಮಾಡಲಾಗದ್ದಾದರೆ, ಮಾಡುವವರ ಪಕ್ಕದಲ್ಲಿ ಕುಳಿತು ನೋಡುತ್ತೇನೆ. ‘ಇದು ಯಾಕೆ ಹೀಗೆ?’ ಎಂದು ಕೇಳಿದರೆ ದಡ್ಡನೆಂದುಕೊಂಡಾರು ಎಂಬ ಭಯವೇ ಬೇಡ. ಓದುಗನ ಪರವಾಗಿ ಕೇಳುವುದಕ್ಕೇ ನಿನ್ನನ್ನು ನೇಮಿಸಿಕೊಂಡಿರುತ್ತಾರೆ.

ಸಾಧನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸರಳ ಚಿಹ್ನೆಗಳಿಂದ ಬರಹಕ್ಕೆ ರೂಪ ಕೊಡುವ ಮಾರ್ಕ್‌ಡೌನ್ ಒಂದು ಮಧ್ಯಾಹ್ನಕ್ಕೆ ಕೈಗೆ ಹತ್ತುತ್ತದೆ, ಕಡತದ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ಗೆ ಕೆಲವು ವಾರ ಬೇಕು. ದೊಡ್ಡ ಸಂಸ್ಥೆಗಳಲ್ಲಿ ಕೈಪಿಡಿಯನ್ನು ಬಿಡಿ ತುಣುಕುಗಳಾಗಿ ಬರೆದು ಜೋಡಿಸುವ ಡಿಟಾ ಎಂಬ ಕಟ್ಟುನಿಟ್ಟಾದ ವಿನ್ಯಾಸ ಎದುರಾಗಬಹುದು, ಆಗ ಕಲಿತರಾಯಿತು. ಈಗಲೇ ಕಲಿಯಬೇಕಾದದ್ದು ಬೇರೆಯದು. ಡೇನಿಯೇಲೆ ಪ್ರೊಸಿಡಾ ಅವರ ಡಯಾಟಾಕ್ಸಿಸ್ ಎಂಬ ಚೌಕಟ್ಟು ತಾಂತ್ರಿಕ ಬರಹವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಹೊಸಬನ ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸ ಮುಗಿಸಲು ಬೇಕಾದ ಮಾರ್ಗದರ್ಶಿ, ಬೇಕೆಂದಾಗ ತೆರೆದು ನೋಡುವ ಉಲ್ಲೇಖ, ಹಿನ್ನೆಲೆ ತಿಳಿಸುವ ವಿವರಣೆ. ನಾನು ತಿದ್ದಲು ಪಡೆದ ಕೆಟ್ಟ ಕೈಪಿಡಿಗಳಲ್ಲಿ ಬಹುಪಾಲು ಈ ನಾಲ್ಕನ್ನೂ ಒಂದೇ ಪುಟದಲ್ಲಿ ಕಲಸಿದಂಥವು. ವಿಮಾನ ನಿರ್ವಹಣೆಯ ಕೈಪಿಡಿಗಳಿಗಾಗಿ ರೂಪುಗೊಂಡ ಸರಳ ಇಂಗ್ಲಿಷಿನ ನಿಯಮಾವಳಿಯನ್ನೂ ಒಮ್ಮೆ ನೋಡು. ಸೂಚನೆಯ ವಾಕ್ಯ 20 ಪದ ಮೀರಬಾರದು, ವಿವರಣೆಯ ವಾಕ್ಯ 25 ಪದ ಮೀರಬಾರದು ಎನ್ನುತ್ತದೆ ಅದು. ಎಲ್ಲ ಕಡೆಗೂ ಹೊಂದುವ ನಿಯಮವಲ್ಲ, ಆದರೆ ಕೈ ಪಳಗುತ್ತದೆ.

ಇನ್ನು ಹಣ. ನಿನಗೆ ಕಷ್ಟವಾಗುವುದು ಇದೇ. ಒಂದು ಸಂಸ್ಥೆಗೆ ನಾನು ಬಾಯಿಮಾತಿನ ಮೇಲೆ ಕೆಲಸ ಒಪ್ಪಿಕೊಂಡೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಅಳಿಸಿದರು, ಏಳು ಸಲ ತಿದ್ದುಪಡಿಯಾಯಿತು, ಸಂಭಾವನೆ ಬರಲು ಐದು ತಿಂಗಳು ಹಿಡಿಯಿತು. ತಪ್ಪು ಅವರದೇ. ಆದರೂ ತಡೆಯುವ ದಾರಿ ನನ್ನ ಕೈಯಲ್ಲಿತ್ತು. ಎಷ್ಟು ಸುತ್ತು ತಿದ್ದುಪಡಿ, ಪರಿಶೀಲಿಸುವವರು ಯಾರು, ಎಷ್ಟು ದಿನದೊಳಗೆ, ಏನಾದರೆ ಕೆಲಸ ಮುಗಿದಂತೆ, ಮುಂಗಡ ಎಷ್ಟು, ಇವನ್ನೆಲ್ಲ ಬರೆದು ಸಹಿಯಾಗುವವರೆಗೆ ಮೊದಲ ಸಾಲನ್ನೂ ಬರೆಯಬೇಡ. ಮುಂಗಡ ಕೇಳಿದ್ದಕ್ಕೇ ಹಿಂದೆ ಸರಿದವರು ಕೊನೆಗೆ ಕೊಡುತ್ತಿದ್ದರೆಂಬ ನಂಬಿಕೆ ನನಗಿಲ್ಲ.

ಪದಕ್ಕಿಷ್ಟು ಎಂಬ ಲೆಕ್ಕಕ್ಕೂ ಒಪ್ಪಬೇಡ. ಹತ್ತು ಪುಟದ ಗೊಂದಲವನ್ನು ಎರಡು ಪುಟಕ್ಕೆ ಇಳಿಸಿದ ದಿನ ನೀನು ಅತ್ಯುತ್ತಮ ಕೆಲಸ ಮಾಡಿರುತ್ತೀಯೆ. ಪದದ ಲೆಕ್ಕದಲ್ಲಿ ಅದೇ ದಿನ ನಿನಗೆ ನಷ್ಟ. ಇಡೀ ಕೆಲಸಕ್ಕೆ ಇಂತಿಷ್ಟು ಎಂದು ಹೇಳು. ಹಾಗೆ ಹೇಳುವಾಗ ಓದುವ, ಮಾಡಿ ನೋಡುವ, ಉತ್ತರಕ್ಕಾಗಿ ಕಾಯುವ ಹೊತ್ತನ್ನೂ ಸೇರಿಸು. ನನ್ನ ಮಟ್ಟಿಗೆ ಬರೆಯುವ ಹೊತ್ತು ಒಟ್ಟು ದುಡಿಮೆಯಲ್ಲಿ ಅರ್ಧವನ್ನೂ ಮುಟ್ಟುವುದಿಲ್ಲ.

ಮಾದರಿ ಬರಹಗಳು ಎಲ್ಲಿಂದ ತರಲಿ ಎಂದು ಕೇಳಿದ್ದೀಯೆ. ಕಂಪನಿಗಳಿಗೆ ಬರೆದದ್ದನ್ನು ಗೋಪ್ಯತೆಯ ಒಪ್ಪಂದ ಹೊರಗೆ ತೋರಿಸಗೊಡುವುದಿಲ್ಲ. ಯಾರು ಬೇಕಾದರೂ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ನೀನೇ ಬಳಸುವ ಒಂದರ ಅನುಸ್ಥಾಪನೆಯ ಪುಟವನ್ನು ತೆಗೆದುಕೊ, ಎಡವಿದ ಜಾಗಗಳನ್ನು ಗುರುತಿಸಿ ತಿದ್ದಿ ಅದನ್ನು ರೂಪಿಸಿದವರಿಗೆ ಕಳುಹಿಸು. ಮೊದಲು ಹೇಗಿತ್ತು, ಈಗ ಹೇಗಿದೆ ಎಂಬುದೆರಡೂ ಅಲ್ಲಿ ಬಹಿರಂಗವಾಗಿ ಉಳಿಯುತ್ತವೆ. ಕೆಲಸ ಕೊಡುವವರು ನೋಡಬಯಸುವುದು ಅದನ್ನೇ.

ಯಂತ್ರವೇ ಬರೆದುಬಿಡುವ ಭಯ ನನಗೂ ಇದೆ, ಮುಚ್ಚಿಡುವುದಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನನ್ನ ಸಣ್ಣಪುಟ್ಟ ಕೆಲಸಗಳು ಒಂದೊಂದಾಗಿ ನಿಂತವು. ಅಮೆರಿಕದಲ್ಲಿ ದಶಕಗಳಿಂದ ಇದ್ದ ತಾಂತ್ರಿಕ ಬರಹಗಾರರ ಸಂಘ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಷನ್ 2025ರ ಜನವರಿಯಲ್ಲಿ ಬಾಗಿಲು ಮುಚ್ಚಿದಾಗ ಮನಸ್ಸು ಭಾರವಾಯಿತು. ನುಣುಪಾದ ವಾಕ್ಯಕ್ಕೆ ಈಗ ಬೆಲೆಯಿಲ್ಲ. ಆದರೆ ಎಂಜಿನಿಯರ್ ಮರೆತ ಆ ಕಡತದ ಬಗ್ಗೆ ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬರೆದಿಲ್ಲದ್ದನ್ನು ಹುಡುಕಲು ಯಾರಾದರೂ ಹೋಗಿ ಕೇಳಬೇಕು. ನನಗೆ ಉಳಿದಿರುವ ಕೆಲಸವೆಲ್ಲ ಈ ಬಗೆಯದು.

ಇನ್ನೊಂದು ಮಾತು ಕೈಪಿಡಿಯ ನಿರ್ವಹಣೆಯದು. ತಂತ್ರಾಂಶದ ಪ್ರತಿ ಹೊಸ ಆವೃತ್ತಿಗೂ ಕೈಪಿಡಿ ಹಳತಾಗುತ್ತದೆ. ಒಂದು ಕೆಲಸ ಮುಗಿಸಿಕೊಡುವಾಗಲೇ ‘ಮುಂದಿನ ಆವೃತ್ತಿಗೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಕೇಳು. ತಿಂಗಳಿಗಿಷ್ಟು ಎಂಬ ನನ್ನ ಮೂರು ಕರಾರುಗಳೂ ಈ ಪ್ರಶ್ನೆಯಿಂದ ಹುಟ್ಟಿದವು. ಮೂರು ಎಂದೆನಲ್ಲ, ಅದೂ ಬೇಕೆಂದೇ. ಹಿಂದೆ ಆದಾಯದ ಬಹುಪಾಲು ಒಬ್ಬರೇ ಗ್ರಾಹಕರಿಂದ ಬರುತ್ತಿತ್ತು. ಅಲ್ಲಿನ ವ್ಯವಸ್ಥಾಪಕರು ಬದಲಾದ ವಾರವೇ ಕೆಲಸ ನಿಂತು, ಎರಡು ತಿಂಗಳು ಬರಿಗೈಯಲ್ಲಿ ಕುಳಿತಿದ್ದೆ. ನೀನು ಆರು ತಿಂಗಳ ಖರ್ಚನ್ನು ಕೂಡಿಟ್ಟುಕೊಂಡ ಮೇಲೆಯೇ ರಾಜೀನಾಮೆ ಕೊಡು. ಈ ಒಂದು ವಿಷಯದಲ್ಲಿ ನನ್ನ ಮಾತು ಮೀರಬೇಡ.

ಮೊದಲ ಗ್ರಾಹಕರಿಗೆ ಅಂದಾಜು ಪತ್ರ ಬರೆದಾಗ, ಅವರಿಗೆ ಕಳುಹಿಸುವ ಮೊದಲು ನನಗೆ ಕಳುಹಿಸು. ಮುಂಗಡದ ಸಾಲು ಅದರಲ್ಲಿದೆಯೇ ಎಂದು ಮೊದಲು ನೋಡುತ್ತೇನೆ.

ನಿನ್ನ
ಗೆಳೆಯ